ಸುಣ್ಣದಕಲ್ಲಿನ ಜಲ್ಲಿ: ಗಟ್ಟಿತನವೊಂದೇ ಸಾಲದು

ಕ್ಯಾಲ್ಸೈಟ್ ಪ್ರಧಾನವಾದ ಸುಣ್ಣದಕಲ್ಲು ಮತ್ತು ಡಾಲೊಮೈಟ್, ಜಲ್ಲಿಗೆ ಬಳಕೆಯಾಗುವ ಮುಖ್ಯ ಕಾರ್ಬೊನೇಟ್ ಶಿಲೆಗಳು. ಮೋಸ್ ಮಾಪಕದಲ್ಲಿ ಕ್ಯಾಲ್ಸೈಟಿನ ಕಾಠಿನ್ಯ 3, ಕ್ವಾರ್ಟ್ಜಿನದು 7. ಆದ್ದರಿಂದ ಸುಣ್ಣದಕಲ್ಲು ಕ್ರಷರಿನ ದವಡೆಗಳನ್ನು ಕಡಿಮೆ ಸವೆಸುತ್ತದೆ. ಸಿಮೆಂಟಿನೊಂದಿಗೂ ಡಾಂಬರಿನೊಂದಿಗೂ ಚೆನ್ನಾಗಿ ಬೆಸೆಯುತ್ತದೆ. ಕಾವಿಗೆ ಕಡಿಮೆ ಹಿಗ್ಗುವುದರಿಂದ ಕಾಂಕ್ರೀಟಿನಲ್ಲಿ ಬಿರುಕಿನ ಭಯವೂ ತಗ್ಗುತ್ತದೆ.

ಜಲ್ಲಿಯ ಯೋಗ್ಯತೆಯನ್ನು ಸಾಮಾನ್ಯವಾಗಿ ಅಳೆಯುವುದು ಜಜ್ಜುವ, ಬಡಿಯುವ, ಉಜ್ಜುವ ಪರೀಕ್ಷೆಗಳಿಂದ. ಭಾರತದ ಐಎಸ್ 383 ಮಾನಕದಂತೆ ಉಜ್ಜುವ ಪರೀಕ್ಷೆಯಾದ ಲಾಸ್ ಏಂಜಲಿಸ್ ಪರೀಕ್ಷೆಯಲ್ಲಿ ಕಾಣುವ ಸವೆತ, ತಿಕ್ಕಾಟಕ್ಕೊಳಗಾಗುವ ಮೇಲ್ಮೈಯ ಕಾಂಕ್ರೀಟಿಗೆ ಶೇ 30 ಹಾಗೂ ಉಳಿದೆಡೆ ಶೇ 50 ಮೀರಬಾರದು. ಒಳ್ಳೆಯ ಸುಣ್ಣದಕಲ್ಲು ಈ ಪರೀಕ್ಷೆಗಳಲ್ಲಿ ಪಾಸಾಗುತ್ತದೆ. ಆದರೆ ಇವು ಅಳೆಯುವುದು ಕಲ್ಲು ಒಡೆಯುವ, ಸವೆಯುವ ಪರಿಯನ್ನು, ನುಣುಪಾಗುವುದನ್ನಲ್ಲ. ಒಂದೇ ಮೃದುತ್ವದ ಖನಿಜವುಳ್ಳ ಶುದ್ಧ ಸುಣ್ಣದಕಲ್ಲು ಚಕ್ರಗಳ ತಿಕ್ಕಾಟಕ್ಕೆ ಸಮನಾಗಿ ಸವೆದು ಹೊಳಪಾಗುತ್ತದೆ, ಮಳೆಯಲ್ಲಿ ವಾಹನ ಜಾರುತ್ತದೆ. ಮರಳಿನ ಕಣಗಳು ಬೆರೆತ ಕಲ್ಲು ಒರಟುತನ ಉಳಿಸಿಕೊಳ್ಳುತ್ತದೆ. ಹಾಗಾಗಿ ರಸ್ತೆಯ ತಳಪದರಕ್ಕೆ ಒಪ್ಪುವ ಕಲ್ಲು ಮೇಲ್ಪದರಕ್ಕೂ ಒಪ್ಪುತ್ತದೆನ್ನಲು ಪಾಲಿಶ್ ಮೌಲ್ಯದ ಪರೀಕ್ಷೆ ಬೇರೆಯಾಗಿಯೇ ನಡೆಯಬೇಕು.

ಪರೀಕ್ಷೆಗಳ ಇನ್ನೂ ದೊಡ್ಡ ಕೊರತೆ ಬಯಲಾದದ್ದು ಕೆನಡಾದ ಕಿಂಗ್‌ಸ್ಟನ್‌ನಲ್ಲಿ. ಅಲ್ಲಿಯ ಕಾಂಕ್ರೀಟ್ ಹಿಗ್ಗಿ ಬಿರಿಯುತ್ತಿದ್ದರೂ, ಸಿಮೆಂಟಿನ ಕ್ಷಾರಕ್ಕೂ ಕಲ್ಲಿನ ಸಿಲಿಕಾಕ್ಕೂ ನಡೆಯುವ ಪ್ರತಿಕ್ರಿಯೆಗೆಂದು ರೂಪಿಸಿದ್ದ ಪರೀಕ್ಷೆಗಳು ಜಲ್ಲಿಯ ದೋಷವನ್ನು ಹಿಡಿಯಲಿಲ್ಲ. ಸಿಮೆಂಟಿನ ಕ್ಷಾರಕ್ಕೂ ಜೇಡಿ ಬೆರೆತ ಡಾಲೊಮೈಟ್‌ಯುಕ್ತ ಸುಣ್ಣದಕಲ್ಲಿಗೂ ಇರುವ ನಂಟನ್ನು 1957ರಲ್ಲಿ ಸಂಶೋಧಕ ಸ್ವೆನ್ಸನ್ ತೋರಿಸಿದರು. ಕ್ಷಾರ ತಾಗಿದಾಗ ಡಾಲೊಮೈಟ್ ವಿಘಟಿಸಿ ಬ್ರೂಸೈಟ್ ಮತ್ತು ಕ್ಯಾಲ್ಸೈಟ್ ಆಗುತ್ತದೆ. ಹಿಗ್ಗುವಿಕೆಗೆ ಕಾರಣ ಜೇಡಿ ನೀರು ಹೀರುವುದೋ, ಬ್ರೂಸೈಟ್ ಬೆಳೆಯುವುದೋ, ಕಲ್ಲಿನಲ್ಲಡಗಿದ ಅತಿಸೂಕ್ಷ್ಮ ಕ್ವಾರ್ಟ್ಜೋ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಸಿಲಿಕಾ ಪ್ರತಿಕ್ರಿಯೆಯನ್ನು ತಡೆಯುವ ಹಾರುಬೂದಿ ಇಂಥ ಕಲ್ಲಿಗೆ ಭರವಸೆಯ ಮದ್ದಲ್ಲ. ಕಲ್ಲನ್ನೇ ಬಿಡುವುದು ಸುರಕ್ಷಿತ.

ಹಿಮ ಬೀಳುವ ನಾಡಿನಲ್ಲಿ ರಂಧ್ರಗಳ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಮಧ್ಯಪಶ್ಚಿಮದಲ್ಲಿ ನೀರುಂಡ ಸುಣ್ಣದಕಲ್ಲಿನ ಜಲ್ಲಿ ಹೆಪ್ಪುಗಟ್ಟಿ ಕಾಂಕ್ರೀಟ್ ರಸ್ತೆಗಳನ್ನು ಕೀಲುಗಳ ಬಳಿ ಬಿರಿಸಿದೆ. ಹಿಮ ಬೀಳದ ಕಲಬುರಗಿಯ ಭೀಮಾ ಕಣಿವೆಯಲ್ಲಿ ಆ ಚಿಂತೆಯಿಲ್ಲ. ಆದರೆ ಹಾಸುಗಲ್ಲಾಗಿ ಹೆಸರಾದ ಅಲ್ಲಿಯ ಶಹಾಬಾದ್ ಸುಣ್ಣದಕಲ್ಲಿನ ಪದರಗುಣವೇ ಜಲ್ಲಿಗೆ ತೊಡಕು: ಒಡೆದಾಗ ಚಪ್ಪಟೆ ಚೂರುಗಳು ಹೆಚ್ಚಬಹುದು.

ಆದ್ದರಿಂದ ಮೌಲ್ಯಮಾಪನ ಯಂತ್ರಕ್ಕಿಂತ ಮೊದಲು ಸೂಕ್ಷ್ಮದರ್ಶಕದಿಂದ ಶುರುವಾಗಬೇಕು. ಒಂದೇ ಕ್ವಾರಿಯ ಪದರಗಳು ಒಂದರಂತೊಂದು ಇರುವುದಿಲ್ಲ; ಗುಡ್ಡೆಯಿಂದ ತೆಗೆದ ಒಂದು ಮಾದರಿ ಇಡೀ ಕ್ವಾರಿಯ ಪರ ಸಾಕ್ಷಿ ಹೇಳಲಾರದು. ಪ್ರತಿ ಪದರದಲ್ಲಿ ಜೇಡಿ, ಡಾಲೊಮೈಟ್, ಸಿಲಿಕಾ ಎಷ್ಟಿವೆಯೆಂದು ತಿಳಿದ ಮೇಲೆ, ಜಲ್ಲಿ ಎಲ್ಲಿ ಬೀಳುತ್ತದೆಂಬುದನ್ನು ನೋಡಿ ಪರೀಕ್ಷೆಗಳನ್ನು ಆಯ್ದುಕೊಳ್ಳಬೇಕು.