ಜುಲೈನ ಕಾಡು, ಡಿಸೆಂಬರಿನ ಕಡಲು

‘ಕಾಡೂ ಕಡಲೂ ಒಂದೇ ಟ್ರಿಪ್ಪಿನಾಗ’. ಲಾತೂರ ಜಿಲ್ಲೆಯ ಶಿರೂರ ಅನಂತಪಾಳ, ನಿಲಂಗಾ, ಉದಗೀರ ಕಡೆಯ ಹುಡುಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತಾಡುವ ಆಮಿಷ ಇದು. ಮೊದಲ ರಾತ್ರಿ ಸಹ್ಯಾದ್ರಿಯ ಅಂಬೋಲಿ ಘಾಟದ ಮಳೆಕಾಡು, ಮರುದಿನ ಸಾವಂತವಾಡಿಗೆ ಇಳಿದು ಮಾಲವಣದ ಹವಳ, ಊಟ ವಸತಿ ವಿಡಿಯೋ ಎಲ್ಲ ಸೇರಿ ತಲೆಗಿಷ್ಟು. ಹೋಗುವವರು ಇದನ್ನು ಬ್ಯಾಕ್‌ಪ್ಯಾಕಿಂಗ್ ಅನ್ನುತ್ತಾರೆ. ಸಿನಿಮಾಕ್ಕೆ, ನಾಟಕಕ್ಕೆ, ಕಾದಂಬರಿಗೆ ವಿಮರ್ಶೆ ಬರೆಯುತ್ತೇವೆ. ಜನ ದುಡ್ಡು ಕೊಟ್ಟು ಅನುಭವಿಸುವ ಈ ಆಟವನ್ನು ಮಾತ್ರ ಹಾಗೇ ಬಿಟ್ಟಿದ್ದೇವೆ.

ಹೋಗುವವರನ್ನು ಹಂಗಿಸಲು ನನಗೆ ಮನಸ್ಸಿಲ್ಲ. ಲಾತೂರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಏಳೆಂಟು ನೂರು ಮಿಲಿಮೀಟರ್. ಅಂಬೋಲಿಯಲ್ಲಿ ಅದು 7000 ಮಿಲಿಮೀಟರಿನ ಆಸುಪಾಸು. 2016ರ ಏಪ್ರಿಲ್‌ನಲ್ಲಿ ಬರಗಾಲದ ನಡುವೆ ಮಿರಜದಿಂದ ‘ಜಲದೂತ’ ರೈಲು ಕೃಷ್ಣೆಯ ನೀರು ಹೊತ್ತು ಲಾತೂರಿಗೆ ಬಂದಾಗ ಈ ಹುಡುಗರೆಲ್ಲ ಶಾಲೆಯಲ್ಲಿದ್ದರು. ಮೊದಲ ಗಾಡಿಗೆ 10 ಟ್ಯಾಂಕರ್, ಸುಮಾರು 5 ಲಕ್ಷ ಲೀಟರ್. ಆಮೇಲಾಮೇಲೆ 50 ಟ್ಯಾಂಕರಿನ ಗಾಡಿ ಬರತೊಡಗಿತು. ಅದಕ್ಕೂ ಮೊದಲು, ಮಾರ್ಚ್‌ನಲ್ಲೇ, ನೀರಿನ ಟಾಕಿಗಳ ಹತ್ತಿರ ಜನ ಗುಂಪುಗೂಡಿ ಹೊಡೆದಾಡದಿರಲೆಂದು 144ನೇ ಕಲಮು ಜಾರಿ ಮಾಡಿದ್ದರು. ಆ ಕೃಷ್ಣೆ ಹುಟ್ಟುವುದು ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ. ಹಿಂದೆ ಬಾರ್ಸಿ ಲೈಟ್ ರೈಲ್ವೆಯ ಪುಟ್ಟ ಗಾಡಿ ಓಡುತ್ತಿದ್ದ, ಜಲದೂತ ಬಂದ ಅದೇ ದಾರಿ ಹಿಡಿದು ಈಗ ಇವರು ಮಿರಜಕ್ಕೆ ಹೋಗುತ್ತಾರೆ, ಅಲ್ಲಿಂದ ಕೊಲ್ಹಾಪುರ, ಆಜರಾ ದಾಟಿ ಅಂಬೋಲಿ ಮುಟ್ಟುತ್ತಾರೆ. ‘ಕಾಕಾ, ನಮ್ಮ ಘರಣಿ ಡ್ಯಾಮಿನಾಗ ಒಂದ್ ವರ್ಷ ನಿಲ್ಲೋ ನೀರು ಅಲ್ಲಿ ರಸ್ತಾದ ಮ್ಯಾಲೇ ಹರೀತದ’ ಎಂದು ಮರಳಿ ಬಂದ ಹುಡುಗನೊಬ್ಬ ಹೇಳಿದ್ದ. ಉತ್ಪ್ರೇಕ್ಷೆ ಇರಲಿ, ಕಣ್ಣರಳಿದ್ದು ನಿಜ.

ನನ್ನ ತಕರಾರು ಚೀಲದಿಂದ ಶುರುವಾಗುತ್ತದೆ. ಬೇಕಾದಷ್ಟನ್ನು ಬೆನ್ನಿಗೆ ಹಾಕಿಕೊಂಡು ಕಾಲಿನ ಮೇಲೆ ನಂಬಿಕೆ ಇಟ್ಟು ಹೋಗುವುದು ನಮ್ಮ ಮರಾಠವಾಡಾಕ್ಕೆ ಹೊಸದೇನಲ್ಲ. ಆಷಾಢ ಬಂತೆಂದರೆ ನಮ್ಮ ಊರುಗಳಿಂದ ಪಂಢರಪುರಕ್ಕೆ ದಿಂಡಿ, ಎಂದರೆ ವಾರಕರಿಗಳ ಪಾದಯಾತ್ರೆ, ಹೊರಡುತ್ತದೆ. ಆಳಂದಿಯಿಂದ ಬರುವ ದೊಡ್ಡ ಪಾಲಖಿ ಸುಮಾರು 250 ಕಿಲೋಮೀಟರು ನಡೆಯುತ್ತದೆ. ಎಲ್ಲಿ ಮುಕ್ಕಾಮು, ಎಲ್ಲಿ ಊಟ, ಯಾರ ಹಿಂದೆ ಯಾರು ಎಂಬ ಶಿಸ್ತು ಅದಕ್ಕುಂಟು. ದಿಂಡಿ ಹೋದ ದಾರಿಯಲ್ಲಿ ಕಸವೂ ಉಳಿಯುತ್ತದೆ, ಅದನ್ನು ಪವಿತ್ರ ಮಾಡಿ ಹೇಳಬೇಕಿಲ್ಲ. ಆದರೂ ಎಷ್ಟೋ ವಾರಕರಿಗಳ ಚೀಲ ಅವರವರ ಹೆಗಲ ಮೇಲೇ ಇರುತ್ತದೆ. ಅಂಬೋಲಿಯ ಪ್ಯಾಕೇಜಿನಲ್ಲಿ ಚೀಲ ಟೆಂಪೋ ಟ್ರಾವೆಲರಿನ ಟಪ್ಪಿನ ಮೇಲೆ ಕೂತು ಬರುತ್ತದೆ. ಧಬಧಬೆಯ ಮುಂದೆ ಫೋಟೋ ತೆಗೆಯುವಾಗಷ್ಟೇ ಬೆನ್ನಿಗೇರುತ್ತದೆ. ಮಳೆಗಾಲದ ಶನಿವಾರ, ಭಾನುವಾರ ಬೆಳಗಾವಿ, ಕೊಲ್ಹಾಪುರ, ಗೋವೆಯ ವಾಹನಗಳು ಆ ಧಬಧಬೆಯ ತಿರುವಿನಲ್ಲಿ ಸಿಕ್ಕಿಕೊಂಡು ನಿಲ್ಲುವುದನ್ನು ಕಂಡವರಿಗೆ ಹಗಲಿನ ಅಂಬೋಲಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೆಕ್ಕೆತೆನೆ, ಭಜಿ, ಬಾಟಲಿ, ಹಾರ್ನು.

ರಾತ್ರಿಯ ಅಂಬೋಲಿ ಬೇರೆ. ಕತ್ತಲಾದ ಮೇಲೆ ಊರಿನ ತಿಳಿದವರೊಬ್ಬರು ಟಾರ್ಚ್ ಹಿಡಿದು ಐದಾರು ಜನರನ್ನು ಕರೆದೊಯ್ಯುತ್ತಾರೆ. ಮೊದಲು ಕಾಲಿಗೆ ಜಿಗಳಿ ಹತ್ತುತ್ತದೆ, ಅರ್ಧ ಗುಂಪು ಕುಣಿಯುತ್ತದೆ, ಆಮೇಲೆ ತಾನಾಗಿ ಸುಮ್ಮನಾಗುತ್ತದೆ. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿ ನೊರೆಯ ಮುದ್ದೆ ತೂಗುತ್ತಿರುತ್ತದೆ. ಅದು ತೇಲಿ ಜಿಗಿಯುವ ಹಸಿರು ಕಪ್ಪೆಯ ಗೂಡು. ಮರಿಗಳು ಒಳಗೇ ಬೆಳೆದು ಹೊತ್ತು ಬಂದಾಗ ಕೆಳಗಿನ ನೀರಿಗೆ ತೊಟ್ಟಿಕ್ಕುತ್ತವೆ. ಪಕ್ಕದ ಪೊದೆಯಲ್ಲಿ ಗುಳಿಮಂಡಲ ಹಾವೊಂದು ಎಲೆಯಂತೆ ಮಲಗಿರುತ್ತದೆ. ಹಸಿರೂ ಇದ್ದೀತು, ಕಂದೂ ಇದ್ದೀತು, ಜಾತಿ ಒಂದೇ. ಮುಂದೆ ಸಡಾ ಸಿಗುತ್ತದೆ, ಎಂದರೆ ಜಂಬಿಟ್ಟಿಗೆಯ ಬಯಲು. ಅಲ್ಲಿ ದಾರಿ ತೋರಿಸುವವರು ಎಲ್ಲರನ್ನೂ ತಡೆದು ಟಾರ್ಚನ್ನು ನೆಲಕ್ಕೆ ಹಿಡಿಯುತ್ತಾರೆ. ಬೊಗಸೆಯಷ್ಟು ಆಳವಿಲ್ಲದ ಮಳೆನೀರಿನ ಹೊಂಡ, ಅದರಲ್ಲಿ ಕರಿ ಚುಕ್ಕೆಯ ಮೊಟ್ಟೆಗಳು, ಪಕ್ಕದಲ್ಲಿ ಮೈಮೇಲೆ ಹುಲಿಯಂಥ ಪಟ್ಟೆ ಇರುವ ಹೆಬ್ಬೆರಳಿನಷ್ಟು ನೆಲಗಪ್ಪೆ. 2009ರಲ್ಲಿ ವಿಜ್ಞಾನ ಇದಕ್ಕೆ ಹೆಸರಿಟ್ಟಿತು. ಅಂಬೋಲಿ ಮತ್ತು ಅದರ ಆಜುಬಾಜಿನ ಕೆಲವು ಬಯಲು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬೂಟು ಒಂದಡಿ ಈಚೆಗೆ ಬಿದ್ದಿದ್ದರೆ ಆ ಹೊಂಡದ ಸಂತಾನ ಅಲ್ಲಿಗೇ ಮುಗಿಯುತ್ತಿತ್ತು. ಧಬಧಬೆಯ ಹತ್ತಿರ ಕೂಗಾಡಿದ ಹುಡುಗರೇ ಇಲ್ಲಿ ಮೊಣಕಾಲೂರಿ ಕೂರುತ್ತಾರೆ, ಫ್ಲ್ಯಾಶ್ ಬೇಡವೆಂದರೆ ಫೋನನ್ನು ಜೇಬಿಗಿಳಿಸುತ್ತಾರೆ. ಈ ಇಡೀ ವಹಿವಾಟಿನಲ್ಲಿ ಕೊಟ್ಟ ದುಡ್ಡಿಗೆ ಸರಿಯಾಗಿ ಸಿಗುವುದು ಈ ಎರಡು ಮೂರು ತಾಸು.

ಬೆಳಿಗ್ಗೆ ಹಿರಣ್ಯಕೇಶಿ ಹೊಳೆಯ ಉಗಮಕ್ಕೆ ಹೋದರೆ ಇನ್ನೊಂದು ಲಾಭವಿದೆ. ಗುಹೆಯಂಥ ಗುಡಿಯ ಮಹಾದೇವನ ಕುಂಡದಲ್ಲಿ 2020ರಲ್ಲಿ ಹೊಸ ಜಾತಿಯ ಪುಟ್ಟ ಮೀನು ಪತ್ತೆಯಾಯಿತು. ಮರುವರ್ಷ ಸರಕಾರ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಇಲ್ಲಿಂದ ಹೊರಟ ನೀರು ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಬಂದು ಮುಂದೆ ಘಟಪ್ರಭೆಯನ್ನು ಕೂಡುತ್ತದೆ. ಮಹಾರಾಷ್ಟ್ರ, ಕರ್ನಾಟಕಗಳ ಗಡಿ ಜಗಳಕ್ಕೆ ಕಟ್ಟುಬೀಳದ ಹೊಳೆ.

ಇನ್ನು ಮಾಲವಣ. ಶಿವಾಜಿ 1664ರಲ್ಲಿ ಕಟ್ಟಿಸಲು ಹಿಡಿದ ಸಿಂಧುದುರ್ಗದ ಸುತ್ತಲಿನ ಸಮುದ್ರವನ್ನು 1987ರಲ್ಲಿ ಕಡಲ ಅಭಯಾರಣ್ಯ ಮಾಡಿದರು. ಕೋಟೆಯ ಹೊರಗಿನ ಬಂಡೆಗಳ ಮೇಲೆ ಹವಳವಿದೆ. ಅಂಡಮಾನ್, ಲಕ್ಷದ್ವೀಪದ ಫೋಟೋ ನೋಡಿ ಬಂದವರು ಇಲ್ಲಿ ಪೆಚ್ಚಾಗುತ್ತಾರೆ. ಹಳದಿ, ಕಂದು ಬಣ್ಣದ ಗುಂಡುಕಲ್ಲುಗಳಂತೆ ಅಲ್ಲೊಂದು ಇಲ್ಲೊಂದು ಕಾಣುತ್ತದೆ, ಅಷ್ಟೇ. ಕಾರಣ ಮೇಲಿನ ಕಾಡಿನ ಮಳೆಯೇ. ಹವಳದ ಮೈಯೊಳಗೆ ಪಾಚಿ ಬದುಕುತ್ತದೆ, ಆ ಪಾಚಿಗೆ ಬಿಸಿಲು ಬೇಕು. ಪ್ರತಿ ಮಳೆಗಾಲ ಗಡ್, ಕರ್ಲಿ ನದಿಗಳು ಸಹ್ಯಾದ್ರಿಯ ಕೆಂಪು ಮಣ್ಣನ್ನೂ ಸಿಹಿನೀರನ್ನೂ ತಂದು ಇಲ್ಲಿ ಸುರಿಯುತ್ತವೆ. ಅಷ್ಟನ್ನೂ ತಡೆದುಕೊಂಡು ಉಳಿದ ಹವಳ ಇದು, ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಕಾಯ್ದೆಯ ಪ್ರಕಾರ ಅದು ಹುಲಿಯ ಜೊತೆಗೆ ಒಂದನೇ ಪರಿಶಿಷ್ಟದಲ್ಲಿದೆ. ಘಾಟದ ಮೇಲೆ ಕಾಡು ಕಡಿದರೆ ಕೆಳಗೆ ಹವಳ ಉಸಿರುಗಟ್ಟುತ್ತದೆ ಎಂದು ತಿಳಿಯಲು ಅಂಬೋಲಿಯಿಂದ ಮಾಲವಣಕ್ಕೆ ಇಳಿದುಬರುವ ಪಯಣಿಗನಿಗಿಂತ ಒಳ್ಳೆಯ ಅವಕಾಶ ಯಾರಿಗಿದೆ? ಅದನ್ನು ಹೇಳುವವರು ಮಾತ್ರ ದೋಣಿಯಲ್ಲಿರುವುದಿಲ್ಲ.

ದೋಣಿಯಲ್ಲಿ ನಡೆಯುವುದು ಇಷ್ಟು. ಲೈಫ್ ಜಾಕೆಟ್ ತೊಡಿಸಿ, ಬಾಯಿಗೆ ಕೊಳವೆ ಕೊಟ್ಟು, ರಿಂಗ್ ಹಿಡಿಸಿ ನೀರಿಗಿಳಿಸುತ್ತಾರೆ. ‘ಸ್ಕೂಬಾ’ ಅಂದರೆ ಒಬ್ಬರು ಹೆಗಲು ಹಿಡಿದು ಕೆಲವು ನಿಮಿಷ ತಳಕ್ಕೆ ಒಯ್ದು ತರುವುದು. ಮೀನು ಕ್ಯಾಮೆರಾದ ಮುಂದೆ ಬರಲೆಂದು ಬ್ರೆಡ್ ಪುಡಿ ಮಾಡುತ್ತಾರೆ. ಪಟ್ಟೆಪಟ್ಟೆ ಮೀನು ಮುಗಿಬೀಳುತ್ತದೆ, ವಿಡಿಯೋ ಆಗುತ್ತದೆ, ಮುಂದಿನವರು. ಈಜು ಬಾರದ ನಮ್ಮ ಕಡೆಯ ಹುಡುಗ ಗಾಬರಿಯಾದರೆ ಏನು ಮಾಡುತ್ತಾನೆ? ಕಾಲಿಗೆ ಸಿಕ್ಕಿದ್ದರ ಮೇಲೆ ನಿಲ್ಲುತ್ತಾನೆ. ಸಿಗುವುದು ಹವಳ. ಮಳೆಗಾಲದ ರಾತ್ರಿ ಕಪ್ಪೆಯ ಹೊಂಡ ದಾಟಲು ಕಾಲೆತ್ತಿ ಇಟ್ಟಂಥವನೇ ಇವನು. ಅಲ್ಲಿ ಒಬ್ಬರು ತಡೆದು ತೋರಿಸಿದ್ದರು, ಇಲ್ಲಿ ಕಾಲಿನ ಕೆಳಗಿರುವುದು ಜೀವ ಎಂದೇ ಯಾರೂ ಹೇಳಿಲ್ಲ. ದೋಣಿಯವರನ್ನು ಬೈದು ಪ್ರಯೋಜನವಿಲ್ಲ. ರಾತ್ರಿಯ ನಡಿಗೆಗೆ ಗುಂಪಿಗಿಷ್ಟು ಎಂದು ಕೂಲಿ, ಸಮಯ ಕೊಟ್ಟಷ್ಟೂ ಒಳ್ಳೆಯ ಹೆಸರು. ದೋಣಿಗೆ ತಲೆಗಿಷ್ಟು, ಹೆಚ್ಚು ಫೇರಿ ಹೊಡೆದಷ್ಟೂ ಗಳಿಕೆ. ಮೀನುಗಾರಿಕೆ ಸೊರಗಿದ ದಂಡೆಯಲ್ಲಿ ಆ ಲೆಕ್ಕ ಬಿಟ್ಟು ಹವಳದ ಪಾಠ ಹೇಳು ಎಂದರೆ ಯಾರು ಹೇಳುತ್ತಾರೆ? ಅವಸರಕ್ಕೆ ಮನುಷ್ಯರೂ ಬಲಿಯಾಗುತ್ತಾರೆ. 2022ರ ಮೇ ತಿಂಗಳಲ್ಲಿ ತಾರ್ಕರ್ಲಿಯಲ್ಲಿ ಪ್ರವಾಸಿಗರ ದೋಣಿ ದಡದ ಹತ್ತಿರವೇ ಮಗುಚಿ ಇಬ್ಬರು ತೀರಿಕೊಂಡರು.

ಗಡಿಯಾಚೆಯ ಕರ್ನಾಟಕದಲ್ಲಿ ಪರಿಸ್ಥಿತಿ ಚೆನ್ನಾಗಿದೆಯೇ? ಹವಳದ ಮಟ್ಟಿಗೆ ಒಂದು ಕೈ ಮೇಲು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ಒಳಗಿರುವ ನೇತ್ರಾಣಿಗೆ ನದಿಯ ಕೆಸರು ಅಷ್ಟಾಗಿ ಮುಟ್ಟುವುದಿಲ್ಲ, ನೀರು ತಿಳಿ. ದೂರ ಇರುವುದರಿಂದಲೇ ಫೇರಿಯ ಲೆಕ್ಕ ಅಲ್ಲಿ ಓಡುವುದಿಲ್ಲ. ಕಾಡಿನ ಮಟ್ಟಿಗೆ ಅಲ್ಲೂ ಜಾತ್ರೆಯೇ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಸುಬ್ರಹ್ಮಣ್ಯದ ಕುಮಾರಪರ್ವತಕ್ಕೆ ಸಾವಿರಾರು ಜನ ಸಾಲುಗಟ್ಟಿದ ವಿಡಿಯೋ ಹರಿದಾಡಿತು. ಅರಣ್ಯ ಸಚಿವ ಈಶ್ವರ ಖಂಡ್ರೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ನಿಲ್ಲಿಸಿದರು. ಖಂಡ್ರೆಯವರು ಭಾಲ್ಕಿಯವರು, ಉದಗೀರಿಗೆ ನೆರೆಯವರು, ಬಯಲುಸೀಮೆಯ ಮನುಷ್ಯ. ಕಾಡಿಗೆ ಲಗಾಮು ಬೇಕೆಂದು ಅವರಿಗೆ ಹೊಳೆದದ್ದು ನನಗೆ ಹಿಡಿಸಿತು. ಆದರೆ ಬುಕಿಂಗ್ ಎಣಿಸುವುದು ತಲೆಗಳನ್ನು. ಇನ್ನೂರು ಜನ ಒಂದೇ ತಾಸಿನಲ್ಲಿ ಹತ್ತಿದರೂ, ಹತ್ತು ಹತ್ತು ಜನ ತಿಳಿದವರ ಜೊತೆ ಹೋದರೂ ಅದಕ್ಕೆ ಒಂದೇ. ತಮ್ಮ ಊರಿನ ಕಪ್ಪೆಯನ್ನು ತಾವೇ ಬಲ್ಲ ಅಂಬೋಲಿಯಂಥ ಜನ ಇದ್ದಲ್ಲಿ ಅರ್ಧ ಕಾವಲು ತಾನಾಗಿ ಆಗುತ್ತದೆ.

ಇಷ್ಟೆಲ್ಲ ಸರಿಪಡಿಸಿದರೂ ಪ್ಯಾಕೇಜಿನ ಬುಡದಲ್ಲೇ ಒಂದು ಸುಳ್ಳಿದೆ. ಅಂಬೋಲಿಯ ಕಪ್ಪೆಗಳ ಕಾಲ ಜೂನ್‌ನಿಂದ ಸೆಪ್ಟೆಂಬರ್. ಆಗ ಮಾಲವಣದ ಕಡಲು ಕೆಂಪಗೆ ಕದಡಿರುತ್ತದೆ; ಮೇ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ಜಲಕ್ರೀಡೆಗೆ ನಿಷೇಧವೇ ಇರುತ್ತದೆ. ನೀರು ತಿಳಿಯಾಗಿ ಹವಳ ಕಾಣುವುದು ನವೆಂಬರ್ ದಾಟಿದ ಮೇಲೆ. ಆ ಹೊತ್ತಿಗೆ ಸಡಾದ ಹೊಂಡಗಳು ಒಣಗಿ ಹುಲ್ಲು ಹಳದಿಯಾಗಿರುತ್ತದೆ, ಕಪ್ಪೆಗಳು ಕಣ್ಣಿಗೆ ಬೀಳುವುದಿಲ್ಲ. ಕಾಡನ್ನೂ ಕಡಲನ್ನೂ ಒಂದೇ ವಾರದಲ್ಲಿ ತೋರಿಸುತ್ತೇವೆ ಎನ್ನುವವರು ಎರಡರಲ್ಲೊಂದನ್ನು ಖಾಲಿ ತೋರಿಸಲೇಬೇಕು. ಡಿಸೆಂಬರ್‌ನ ಟ್ರಿಪ್ಪಿನಲ್ಲಿ ಅಂಬೋಲಿ ಚಳಿ ಕಾಯಿಸಿಕೊಳ್ಳುವ ಮುಕ್ಕಾಮು ಮಾತ್ರ. ಸೆಪ್ಟೆಂಬರ್‌ನ ಟ್ರಿಪ್ಪಿನಲ್ಲಿ ಮಾಲವಣ ಎಂದರೆ ಮೀನಿನ ಥಾಳಿ ಮತ್ತು ಕೋಟೆ.

ಆದ್ದರಿಂದ ಕೇಳಿದವರಿಗೆ ನಾನು ಹೇಳುವುದು: ಎರಡು ಸಲ ಹೋಗ್ರಿ. ಜುಲೈ ಅಥವಾ ಆಗಸ್ಟ್‌ನಲ್ಲಿ, ವಾರದ ನಡುವಿನ ದಿನ, ಎಸ್.ಟಿ. ಬಸ್ಸಿನಲ್ಲಿ ಅಂಬೋಲಿಗೆ, ಊರವರ ಮನೆಯಲ್ಲಿ ಉಳಿದು ರಾತ್ರಿ ಕಾಡಿಗೆ. ಡಿಸೆಂಬರ್‌ನಲ್ಲಿ ಮಾಲವಣಕ್ಕೆ, ಅದೂ ಲಾತೂರಿನಲ್ಲೋ ಉದಗೀರಿನಲ್ಲೋ ಮೊದಲು ಈಜು ಕಲಿತು. ದೋಣಿ ಹತ್ತುವ ಮುಂಚೆ ಬ್ರೆಡ್ ಹಾಕುತ್ತೀರೇನು, ಕಾಲೂರಲು ಹವಳ ಇಲ್ಲದ ಜಾಗ ಎಲ್ಲಿದೆ ಎಂದು ಕೇಳಿ, ಸರಿಯಾದ ಉತ್ತರ ಬಂದರೆ ಮಾತ್ರ ದುಡ್ಡು ಕೊಡ್ರಿ. ಒಂದೇ ಟ್ರಿಪ್ಪಿಗಿಂತ ಖರ್ಚು ಜಾಸ್ತಿ ಬೀಳುತ್ತದೆ. ಟೆಂಪೋ ಟ್ರಾವೆಲರಿನ ಬಾಡಿಗೆ ಉಳಿಯುತ್ತದಲ್ಲ, ಅದರಲ್ಲಿ ಸರಿದೂಗಿಸಬಹುದು.