ತಳದಿಂದ ಹತ್ತುವ ಸಾಲು

ಮ್ಯಾಕ್ರೋ ಓಡುವಾಗ ಪರದೆ ಪಟಪಟನೆ ಮಿನುಗಿ ಹಾಳೆಯಿಂದ ಹಾಳೆಗೆ ಹಾರಿದರೆ ಸುತ್ತ ನಿಂತವರು ‘ಆಹಾ’ ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಹೆಜ್ಜೆಹೆಜ್ಜೆಗೂ ‘ಸೆಲೆಕ್ಟ್’ ಎಂದು ಬರೆದ ಕೋಡಿನ ಕುಣಿತ ಅದು. ಎಕ್ಸೆಲ್‌ನ ರೆಕಾರ್ಡರ್ ನಾವು ಒತ್ತಿದ್ದನ್ನೆಲ್ಲ ಬರೆದುಕೊಂಡು ಕೊಡುತ್ತದೆ, ಜನ ಅದನ್ನೇ ಕೋಡು ಎಂದುಕೊಳ್ಳುತ್ತಾರೆ. ಒಂದು ಸೆಲ್ಲಿಗೆ ಬೆಲೆ ತುಂಬಲು ಅಲ್ಲಿಗೆ ಹೋಗಿ ನಿಲ್ಲಬೇಕಿಲ್ಲ, ಅದನ್ನು ಸರಿಯಾಗಿ ಕರೆದರೆ ಸಾಕು. ಕರೆಯುವ ಬಗೆಯಲ್ಲೇ ಈ ಕಲೆಯ ರುಚಿಯೆಲ್ಲ ಇದೆ.

‘ರೇಂಜ್("ಸಿ7")’ ಎಂದರೆ ಮೊಳೆ ಹೊಡೆದ ವಿಳಾಸ. ‘ಸೆಲ್ಸ್(ಆರ್, 3)’ ಎಂದಾಗ ಸಾಲಿನ ಸಂಖ್ಯೆಯಾದ ಆರ್ ಬದಲಾದಂತೆ ವಿಳಾಸವೂ ನಡೆಯುತ್ತದೆ. ಆದರೆ ಎಲ್ಲಿಯವರೆಗೆ ನಡೆಯಬೇಕು? ಕೋಡು ಬರೆದವರ ಯೋಗ್ಯತೆಯನ್ನು ನಾನು ಅಳೆಯುವುದು ಇಲ್ಲೇ.

ಹಿಂದೆ ಒಂದು ಹಾಲಿನ ಸಂಘಕ್ಕೆ ಬಟವಾಡೆ ಪಟ್ಟಿ ಮಾಡಿಕೊಟ್ಟಿದ್ದೆ. ಮೊದಲ ಸಾಲಿನಿಂದ ‘ಎಂಡ್(ಎಕ್ಸ್‌ಎಲ್‌ಡೌನ್)’ ಎಂದು ಇಳಿಯುವ ಕೋಡು. ಸಂಘ ಬಿಟ್ಟ ಸದಸ್ಯರೊಬ್ಬರ ಸಾಲನ್ನು ಗುಮಾಸ್ತರು ಖಾಲಿ ಬಿಟ್ಟಿದ್ದರು. ಕೋಡು ಅದರ ಹಿಂದಿನ ಸಾಲಿಗೇ ನಿಂತಿತು, ಕೆಳಗಿದ್ದವರಿಗೆಲ್ಲ ಆ ವಾರದ ದುಡ್ಡಿಲ್ಲ. ಹಿರಿಯ ಲೆಕ್ಕಿಗರೊಬ್ಬರು ಹಾಳೆಯ ಬುಡಕ್ಕೆ ಹೋಗಿ ಕಂಟ್ರೋಲ್ ಜೊತೆ ಮೇಲಿನ ಬಾಣ ಒತ್ತಿದರು. ಕರ್ಸರ್ ಕೊನೆಯ ಹೆಸರಿನ ಮೇಲೆ ಬಂದು ಕೂತಿತು. “ಅಲ್ಲಪ್ಪಾ, ಮೇಲಿಂದ ಯಾಕೆ ಇಳೀತೀಯ? ತಳದಿಂದ ಹತ್ತು” ಎಂದರು. ನನ್ನ ಕಣ್ಣು ತೆರೆದದ್ದು ಅವತ್ತು.

ಕೋಡಿನಲ್ಲಿ ಅದು ಒಂದೇ ಸಾಲು: ‘ಸೆಲ್ಸ್(ರೋಸ್.ಕೌಂಟ್, 1).ಎಂಡ್(ಎಕ್ಸ್‌ಎಲ್‌ಅಪ್).ರೋ’. ನಿಧಾನವಾಗಿ ಓದಿ. ಹಾಳೆಯಲ್ಲಿ ಎಷ್ಟು ಸಾಲಿವೆಯೆಂದು ಅದು ಹಾಳೆಯನ್ನೇ ಕೇಳುತ್ತದೆ, ಬುಡಕ್ಕೆ ಹೋಗುತ್ತದೆ, ಮೊದಲು ಸಿಕ್ಕ ತುಂಬಿದ ಸೆಲ್ಲಿಗೆ ಹತ್ತಿ ನಿಲ್ಲುತ್ತದೆ. ನಡುವೆ ಎಷ್ಟು ಖಾಲಿ ಇದ್ದರೂ ಎಡವದು. ‘ರೋಸ್.ಕೌಂಟ್’ ಬದಲು 65536 ಎಂದು ಬರೆದಿಟ್ಟವರ ಕೋಡುಗಳು, ಎಕ್ಸೆಲ್ 2007ರಲ್ಲಿ ಹಾಳೆ 10,48,576 ಸಾಲಿಗೆ ಬೆಳೆದಾಗ, ಹಾಳೆಯ ನಡುವಿನಿಂದಲೇ ಹತ್ತತೊಡಗಿದವು. ಹೊಸ ಹಾಳೆಯಲ್ಲೂ ಹಳೆಯ ಕೋಡು ನಡೆಯಬೇಕು; ನಾನು ಸೊಗಸು ಎನ್ನುವುದು ಅದಕ್ಕೆ. ಫಿಲ್ಟರ್ ಹಾಕಿದ್ದರೆ ಮಾತ್ರ ಮರೆಯಾದ ಸಾಲುಗಳನ್ನು ಇದು ಹಾರಿಹೋಗುತ್ತದೆ, ಮೊದಲು ಫಿಲ್ಟರ್ ತೆಗೆಯಿರಿ.

ಉಳಿದದ್ದು ಬೇಗ ಹೇಳುತ್ತೇನೆ. ಸಾಲಿನ ಎಣಿಕೆಗೆ ‘ಲಾಂಗ್’ ಬಳಸಿ. ‘ಇಂಟೀಜರ್’ 32,767 ದಾಟಿದರೆ ಕೋಡು ನಿಲ್ಲುತ್ತದೆ. ‘ಸೆಲ್ಸ್’ ಹಿಂದೆ ಹಾಳೆಯ ಹೆಸರಿಲ್ಲದಿದ್ದರೆ ಸಾಮಾನ್ಯ ಮಾಡ್ಯೂಲಿನ ಕೋಡು ತೆರೆದಿರುವ ಹಾಳೆಯನ್ನೇ ತಿದ್ದುತ್ತದೆ. ‘ಆಫ್‌ಸೆಟ್’, ‘ರೀಸೈಜ್’ ನೀವೇ ಆಡಿ ಕಲಿಯಿರಿ.

ಇವತ್ತೇ ನಿಮ್ಮ ಹಳೆಯ ಮ್ಯಾಕ್ರೋ ಒಂದನ್ನು ತೆರೆಯಿರಿ. ಕೊನೆಯ ಸಾಲು 412 ಎಂದೋ 600 ಎಂದೋ ಬರೆದಿದ್ದರೆ ಅಳಿಸಿ, ತಳದಿಂದ ಹತ್ತುವ ಆ ಸಾಲು ಹಾಕಿ. ಪಟ್ಟಿಗೆ ಹತ್ತು ಹೆಸರು ಸೇರಿಸಿ, ನಡುವೆ ಒಂದು ಸಾಲು ಖಾಲಿ ಬಿಟ್ಟು ಓಡಿಸಿ ನೋಡಿ.