ಕೋವಿ ಸುಮ್ಮನಿದ್ದ ಹೊತ್ತು

ಹಕ್ಕಿಬೇಟೆಯ ನಾಯಿಮರಿಯನ್ನು ಮೊದಲ ಸಲ ಬಯಲಿಗೆ ಕರೆದೊಯ್ದ ಕತೆ ಅಮೆರಿಕದ ಬೇಟೆ ಬರವಣಿಗೆಯಲ್ಲಿ ಒಂದು ಪ್ರಕಾರವೇ ಆಗಿಬಿಟ್ಟಿದೆ, ನಮ್ಮಲ್ಲಿ ಅಜ್ಜಿಮನೆಯ ಬೇಸಿಗೆ ರಜೆಯ ಪ್ರಬಂಧಗಳಿರುವ ಹಾಗೆ. ಅಕ್ಟೋಬರಿನ ಚಳಿ, ಕಟಾವಾದ ಮೆಕ್ಕೆಜೋಳದ ಹೊಲ, ಅಪ್ಪನಿಂದ ಬಂದ ಹಳೆಯ ಕೋವಿ, ವರ್ಷ ತುಂಬದ ನಾಯಿ. ನಾಯಿಗೆ ವಾಸನೆ ಸಿಗುತ್ತದೆ, ಫೆಸೆಂಟ್ ಹುಂಜ ಅರಚುತ್ತ ಮೇಲೇಳುತ್ತದೆ, ಈಡು ಹಾರುತ್ತದೆ, ನಾಯಿ ಹಕ್ಕಿಯನ್ನು ಕಚ್ಚಿ ತಂದು ಒಡೆಯನ ಕೈಗಿಡುತ್ತದೆ, ಒಡೆಯನ ಕಣ್ಣು ಒದ್ದೆಯಾಗುತ್ತದೆ. ಇಂಥವನ್ನು ನಾನು ಬೇಕಾದಷ್ಟು ಓದಿದ್ದೇನೆ. ಬಹುಪಾಲು ಒಂದೇ ಅಚ್ಚಿನವು. ಅವುಗಳಲ್ಲಿ ರಕ್ತವಿದೆ ಎಂಬುದು ನನ್ನ ತಕರಾರಲ್ಲ. ಈಡು ಹಾರಿದ ಕ್ಷಣವನ್ನೇ ಶಿಖರ ಮಾಡಿಕೊಂಡು, ಅದಕ್ಕಿಂತ ಮುಂಚಿನ ಹೊತ್ತನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರಲ್ಲ, ತಕರಾರು ಅದರ ಮೇಲೆ.

ಆ ಮುಂಚಿನ ಹೊತ್ತು ಏನೆಂದು ಕನ್ನಡದಲ್ಲಿ ಹೇಳುವುದೇ ಸ್ವಲ್ಪ ಕಷ್ಟ. ಪಾಯಿಂಟರ್, ಸೆಟರ್ ಜಾತಿಯ ನಾಯಿಗಳು ಅಡಗಿದ ಹಕ್ಕಿಯ ವಾಸನೆ ಸಿಕ್ಕೊಡನೆ ಮೇಲೆ ಬೀಳುವುದಿಲ್ಲ. ನಿಂತುಬಿಡುತ್ತವೆ. ಒಂದು ಮುಂಗಾಲು ಎತ್ತಿ, ಬಾಲ ಸೆಟೆಸಿ, ಮೂಗನ್ನು ಹಕ್ಕಿಯ ಕಡೆಗೆ ನೆಟ್ಟು ಕಲ್ಲಾಗುತ್ತವೆ. ಒಡೆಯ ಹತ್ತಿರ ಬಂದು ಹಕ್ಕಿಯನ್ನು ತಾನೇ ಎಬ್ಬಿಸುವವರೆಗೆ ಹಾಗೇ ಇರಬೇಕು. ಕುವೆಂಪು ಕಾದಂಬರಿಗಳನ್ನು ಓದಿ ಬೆಳೆದ ನಮಗೆ ಬೇಟೆನಾಯಿಯೆಂದರೆ ಹಳುವಿಗೆ ನುಗ್ಗುವ, ಹಂದಿಯನ್ನು ತಡವಿಕೊಳ್ಳುವ, ಮೈತುಂಬ ಗಾಯ ಮಾಡಿಕೊಂಡು ಬರುವ ನಾಯಿ. ‘ಮಲೆಗಳಲ್ಲಿ ಮದುಮಗಳು’ವಿನ ಹುಲಿಯ ನುಗ್ಗುವ ನಾಯಿಗಳ ವಂಶದವನು. ನಿಲ್ಲುವ ನಾಯಿ ನಮ್ಮ ಬೇಟೆಯಲ್ಲಿ ಇರಲಿಲ್ಲ, ಹಾಗಾಗಿ ಪದವೂ ಹುಟ್ಟಲಿಲ್ಲ. ಈ ಬರಹದ ಮಟ್ಟಿಗೆ ಅದನ್ನು ‘ನಿಲುವು’ ಎಂದು ಕರೆಯುತ್ತೇನೆ.

ಈ ನಿಲುವು ಅರ್ಧ ರಕ್ತದಲ್ಲಿ ಬರುತ್ತದೆ, ಅರ್ಧ ಕಲಿಸಬೇಕು. ಕೋಲಿನ ತುದಿಗೆ ದಾರ ಕಟ್ಟಿ, ದಾರಕ್ಕೊಂದು ಹಕ್ಕಿಯ ರೆಕ್ಕೆ ಕಟ್ಟಿ ಆಡಿಸಿದರೆ ಎರಡು ತಿಂಗಳ ಮರಿಯೂ ಒಮ್ಮೊಮ್ಮೆ ಹೆಪ್ಪುಗಟ್ಟಿ ನಿಲ್ಲುತ್ತದೆ. ಆಮೇಲೆ ಉದ್ದ ಹಗ್ಗ, ಪಾರಿವಾಳ, ದೂರದಿಂದ ಶುರುಮಾಡಿ ನಿಧಾನವಾಗಿ ಹತ್ತಿರ ತರುವ ಕೋವಿಯ ಸದ್ದು. ಸದ್ದಿಗೆ ಒಮ್ಮೆ ಹೆದರಿದ ಮರಿಯನ್ನು ಮತ್ತೆ ದಾರಿಗೆ ತರುವುದು ಬಹಳ ಕಷ್ಟ. ಇಷ್ಟಾದ ಮೇಲೆ ಮೊದಲ ಕಾಡುಹಕ್ಕಿ. ಅದು ಫೆಸೆಂಟ್ ಆದರೆ ಗ್ರಹಚಾರ. ಲಾವಕ್ಕಿಯಂಥ ಹಕ್ಕಿ ಹುಲ್ಲಿನಲ್ಲಿ ಮುದುರಿ ಕೂರುತ್ತದೆ, ನಾಯಿಗೆ ನಿಲ್ಲಲು ಕಾರಣ ಕೊಡುತ್ತದೆ. ಫೆಸೆಂಟ್ ಹುಂಜ ಹಾರುವುದಕ್ಕಿಂತ ಓಡುವುದನ್ನು ನೆಚ್ಚಿಕೊಂಡದ್ದು. ಮರಿ ಪಾಠದಲ್ಲಿ ಕಲಿತಂತೆ ನಿಂತಿರುತ್ತದೆ, ಹಕ್ಕಿ ಅಷ್ಟು ಹೊತ್ತಿಗೆ ಜೋಳದ ಸಾಲಿನ ಆ ಕೊನೆಯಲ್ಲಿರುತ್ತದೆ. ಎರಡು ಸಲ ಹೀಗಾದರೆ ಮೂರನೆಯ ಸಲ ಮರಿ ನಿಲ್ಲುವುದಿಲ್ಲ, ಅಟ್ಟಿಸಿಕೊಂಡು ಹೋಗುತ್ತದೆ.

(ಈ ಹಕ್ಕಿ ಅಲ್ಲಿನದೂ ಅಲ್ಲ. ಶಾಂಘೈನಲ್ಲಿದ್ದ ಅಮೆರಿಕದ ಕಾನ್ಸುಲ್ ಜನರಲ್ ಓವನ್ ಡೆನ್ನಿ 1881-82ರಲ್ಲಿ ಹಡಗಿನಲ್ಲಿ ಓರೆಗಾನಿಗೆ ಕಳಿಸಿದ ಚೀನಾದ ಹಕ್ಕಿ. 1943ರಲ್ಲಿ ಅದು ಸೌತ್ ಡಕೋಟಾದ ರಾಜ್ಯಪಕ್ಷಿಯಾಯಿತು. ಪರವೂರಲ್ಲಿ ಬಾಡಿಗೆ ಕರಾರು ನವೀಕರಿಸುತ್ತ ಬದುಕುವ ನಮ್ಮಂಥವರಿಗೆ ಇದು ಸುಮ್ಮನೆ ಖುಷಿ ಕೊಡುವ ಸಂಗತಿ.)

ಇಲ್ಲೊಂದು ನಿಯಮವಿದೆ. ಪಾಯಿಂಟರ್ ಮರಿ ಅವಸರ ಮಾಡಿ ಹಕ್ಕಿಯನ್ನು ತಾನೇ ಎಬ್ಬಿಸಿದರೆ, ಆ ಹಕ್ಕಿ ಎಷ್ಟೇ ಸುಲಭದ ಗುರಿಯಾಗಿರಲಿ, ಹೊಡೆಯಬಾರದು ಎನ್ನುತ್ತಾರೆ ಪಳಗಿಸುವವರು. ನಿಂತಾಗ ಮಾತ್ರ ಹಕ್ಕಿ ಕೆಳಗೆ ಬೀಳುತ್ತದೆ ಎಂದು ನಾಯಿಗೆ ಗೊತ್ತಾಗಬೇಕಲ್ಲ, ಅದಕ್ಕೆ. ಅಂದರೆ ಮೊದಲ ಬೇಟೆಯ ದಿನ ತಡೆದುಕೊಳ್ಳುವ ಪರೀಕ್ಷೆ ನಾಯಿಯಷ್ಟೇ ಒಡೆಯನಿಗೂ ಇದೆ. ವರ್ಷವಿಡೀ ಕಾದಿದ್ದಾನೆ, ಬಣ್ಣಬಣ್ಣದ ಹುಂಜ ಇಪ್ಪತ್ತು ಗಜ ದೂರದಲ್ಲಿ ಎದ್ದಿದೆ, ಕೋವಿ ಹೆಗಲಿಗೆ ಬಂದಿದೆ, ಹೊಡೆಯುವಂತಿಲ್ಲ. ಕತೆ ಇರುವುದು ಇಲ್ಲಿ. ಅಚ್ಚಿನ ಪ್ರಬಂಧಗಳು ಜಾರಿಕೊಳ್ಳುವುದೂ ಇಲ್ಲೇ: ಅವುಗಳಲ್ಲಿ ಮರಿ ಯಾವಾಗಲೂ ಸರಿಯಾಗಿ ನಿಲ್ಲುತ್ತದೆ, ಫೆಸೆಂಟ್ ಯಾವಾಗಲೂ ಕಾಯುತ್ತದೆ.

ಮಕ್ಕಳಿಗಾಗಿ ಬರೆದ ಜಿಮ್ ಜೆಲ್ಗಾರ್ಡನ ‘ಬಿಗ್ ರೆಡ್’ (1945) ಈ ಪ್ರಕಾರದ ಜನಪ್ರಿಯ ಪುಸ್ತಕ. ಡ್ಯಾನಿ ಎಂಬ ಬಡ ಹುಡುಗ, ಸಿರಿವಂತನೊಬ್ಬನ ಐರಿಷ್ ಸೆಟರ್. ನಾಯಿಯನ್ನು ಹಕ್ಕಿಬೇಟೆಗೆ ಬೆಳೆಸಬೇಕೆಂದು ಮಗ, ಕಾಡುಪ್ರಾಣಿ ಹಿಡಿಯಲು ಬಳಸಬೇಕೆಂದು ಅಪ್ಪ. ಒಂದು ಪ್ರಾಣಿಯ ಸ್ವಭಾವವನ್ನು ಯಾರು ಓದಬೇಕು ಎಂಬ ಆ ಜಗಳ ಒಳ್ಳೆಯ ಜಗಳ. ಆದರೆ ಲೇಖಕನಿಗೆ ಅಷ್ಟು ಸಾಲದು, ಒಂದು ದೈತ್ಯ ಕರಡಿ ಬೇಕಾಗುತ್ತದೆ. ಕರಡಿ ಬಂದಮೇಲೆ ನಾಯಿ ವೀರನಾಗುತ್ತದೆ, ಮೂಗಿನ ವಿಷಯ ಹಿಂದೆ ಬೀಳುತ್ತದೆ. ಹನ್ನೆರಡರ ವಯಸ್ಸಿಗೆ ಚೆಂದ.

ಆಲ್ಡೊ ಲಿಯೊಪೋಲ್ಡ್ ಬೇರೆ ಜಾತಿಯ ಲೇಖಕ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆಯ ಪ್ರಾಧ್ಯಾಪಕನಾಗಿದ್ದ, ಕೊನೆಯವರೆಗೂ ಬೇಟೆಗಾರನಾಗಿದ್ದ. ಅವನು ಸತ್ತ ಮರುವರ್ಷ, 1949ರಲ್ಲಿ ಬಂದ ‘ಎ ಸ್ಯಾಂಡ್ ಕೌಂಟಿ ಆಲ್ಮನಾಕ್’ನಲ್ಲಿ ಬಾಲ್ಯದ ನೆನಪೊಂದಿದೆ. ಅಪ್ಪ ಹುಡುಗನಿಗೆ ಒಂಟಿನಳಿಗೆಯ ಕೋವಿ ಕೊಟ್ಟು, ಮರದಲ್ಲಿ ಕೂತ ಗ್ರೌಸ್ ಹಕ್ಕಿಯನ್ನು ಹೊಡೆಯಬಾರದು, ಹಾರುವಾಗಲೇ ಹೊಡೆಯಬೇಕು ಎಂದಿದ್ದ. ಹುಡುಗನ ನಾಯಿಗೋ ಹಕ್ಕಿಗಳನ್ನು ಮರ ಹತ್ತಿಸುವುದರಲ್ಲಿ ಭಾರಿ ಚಾಲಾಕಿ. ಕೈಗೆ ಸಿಕ್ಕಂತಿರುವ ಹಕ್ಕಿಯನ್ನು ಬಿಟ್ಟು, ಸಿಗುವ ಭರವಸೆಯೇ ಇಲ್ಲದ ಹಾರುವ ಹಕ್ಕಿಗೆ ಗುರಿಯಿಡುವುದು ತನ್ನ ಮೊದಲ ನೀತಿಪಾಠವಾಯಿತು ಎನ್ನುತ್ತಾನೆ. ಮುಂದೆ ನೆಲದೊಡನೆ ಮನುಷ್ಯನಿಗಿರಬೇಕಾದ ನೀತಿಯ ಬಗ್ಗೆ ಅವನು ಬರೆದದ್ದನ್ನು ಜಗತ್ತು ಉಲ್ಲೇಖಿಸುತ್ತದೆ. ನನಗೆ ಅದರ ಬೇರು ಈ ಮರದ ಕೆಳಗೆ, ಮೇಲೆ ನೋಡುತ್ತ ಬೊಗಳುವ ನಾಯಿಯ ಪಕ್ಕದಲ್ಲಿ ಕಾಣುತ್ತದೆ.

ಲಿಯೊಪೋಲ್ಡನ ನಿಜವಾದ ಗುಣ ಮಾತ್ರ ಅವನ ನಗೆ. ಇದೇ ಪುಸ್ತಕದಲ್ಲಿ ಅವನ ನಾಯಿ ತರ್ಕಶಾಸ್ತ್ರದ ಮೇಷ್ಟ್ರು, ಅವನು ಮಂದಮತಿ ವಿದ್ಯಾರ್ಥಿ. 1953ರಲ್ಲಿ ಬಂದ ‘ರೌಂಡ್ ರಿವರ್’ನಲ್ಲಿ ಗಸ್ ಎಂಬ ನಾಯಿಯ ಪ್ರಸ್ತಾಪವಿದೆ. ಫೆಸೆಂಟ್ ಸಿಗದ ದಿನ ಗಸ್ ಯಾವುದೋ ಕೆರೆಕೋಳಿಯಂಥ ಹಕ್ಕಿಗೋ, ಹುಲ್ಲುಗಾವಲಿನ ಹಾಡುಹಕ್ಕಿಗೋ ಮೈತುಂಬ ಉತ್ಸಾಹ ತಂದುಕೊಳ್ಳುತ್ತಿತ್ತಂತೆ. ಹುಡುಕಿ ಬಂದದ್ದು ಸಿಗಲಿಲ್ಲ ಎಂಬ ಸಂಕಟಕ್ಕೆ ಅದು ಮುಲಾಮು. ನಾವು ಪರಿಸರವಾದಿಗಳೂ ಹೀಗೆಯೇ ಎಂದು ಲಿಯೊಪೋಲ್ಡ್ ಅಲ್ಲಿಂದ ಮುಂದೆ ಸಾಗುತ್ತಾನೆ. ನಾಯಿಯ ಸೋಲನ್ನು ಮುಚ್ಚಿಡದ ಲೇಖಕ ಅಪರೂಪ. ಅದನ್ನು ತಿರುಗಿಸಿ ತನ್ನ ಪಾಳಯಕ್ಕೇ ಚುಚ್ಚುವವನು ಇನ್ನೂ ಅಪರೂಪ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ, ಲಿಯೊಪೋಲ್ಡ್ ಅದನ್ನು ಪೂರ್ತಿ ಎದುರಿಸುವುದಿಲ್ಲ. ಈ ನಿಲುವಿನ ಚೆಲುವು ಕೊನೆಗೂ ಕೊಲ್ಲುವವನ ಅನುಕೂಲಕ್ಕಾಗಿ ತಲೆಮಾರುಗಳಿಂದ ಆರಿಸಿ ಬೆಳೆಸಿದ ಗುಣ. ನಾಯಿ ಹಕ್ಕಿಗೆ ದಯೆ ತೋರುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೆಳೆದ ನಮಗೆ ಈ ಬೇಟೆ ಓದಿನಲ್ಲಿ ಮಾತ್ರ ಸಿಗುವಂಥದ್ದು, ಆದ್ದರಿಂದ ಆ ಚೆಲುವಿಗೆ ಮರುಳಾಗುವುದು ಅಗ್ಗ. ತುರ್ಗೇನೆವ್ ಬದುಕಿನ ಕೊನೆಗಾಲದಲ್ಲಿ ಮಕ್ಕಳಿಗಾಗಿ ಬರೆದ ‘ಲಾವಕ್ಕಿ’ ಎಂಬ ಪುಟ್ಟ ಕತೆಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಬೇಟೆಗಾರ ಅಪ್ಪನ ಜೊತೆ ಹೋದ ಹುಡುಗ. ತಾಯಿ ಲಾವಕ್ಕಿ ಗಾಯವಾದಂತೆ ನಟಿಸಿ ನಾಯಿಯನ್ನು ಗೂಡಿನಿಂದ ದೂರ ಸೆಳೆಯಲು ನೋಡುತ್ತದೆ; ನಟನೆ ಅಳತೆ ಮೀರಿ, ನಾಯಿಯ ಬಾಯಿಗೆ ಸಿಕ್ಕು ಸಾಯುತ್ತದೆ. ಹುಡುಗ ಅದನ್ನು ಮಣ್ಣು ಮಾಡುತ್ತಾನೆ. ‘ಬೇಟೆಗಾರನ ಟಿಪ್ಪಣಿಗಳು’ ಬರೆದವನೇ ಇದನ್ನೂ ಬರೆದ. ನಮ್ಮಲ್ಲಿ ತೇಜಸ್ವಿ ಸಾಗಿದ ದಾರಿಯೂ ನೆನಪಾಗುತ್ತದೆ: ಕೋವಿ ಹಿಡಿದು ಕಾಡು ಅಲೆದವರು ಆಮೇಲೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದರು. ‘ಕರ್ವಾಲೊ’ದ ಕಿವಿಯನ್ನು ಪ್ರೀತಿಸದ ಕನ್ನಡ ಓದುಗರನ್ನು ನಾನು ಕಂಡಿಲ್ಲ, ಆದರೆ ತೇಜಸ್ವಿ ಕಿವಿಯ ಬಾಯಿಗೆ ಒಂದೂ ಭಾವುಕ ಮಾತು ತುರುಕಲಿಲ್ಲ.

ನಾಯಿಯ ತಲೆಯೊಳಗೆ ಹೊಕ್ಕೂ ಕೆಡದವನು ನನಗೆ ಗೊತ್ತಿರುವ ಮಟ್ಟಿಗೆ ಟಾಲ್‌ಸ್ಟಾಯ್ ಒಬ್ಬನೇ. ‘ಅನ್ನಾ ಕರೆನಿನಾ’ದ ಆರನೆಯ ಭಾಗದಲ್ಲಿ ಲೆವಿನ್ ನಸುಕಿನಲ್ಲಿ ಒಬ್ಬನೇ ಜೌಗಿಗೆ ಸ್ನೈಪ್ ಹಕ್ಕಿಯ ಬೇಟೆಗೆ ಹೋಗುತ್ತಾನೆ. ಜೊತೆಗೆ ಲಾಸ್ಕಾ. ಅವಳು ಮರಿಯಲ್ಲ, ನುರಿತ ನಾಯಿ. ಇಲ್ಲಿ ಕಲಿಯಬೇಕಾದವನು ಒಡೆಯ. ಲಾಸ್ಕಾಗೆ ವಾಸನೆ ಸಿಕ್ಕಿದೆ, ಜಾಗ ಖಚಿತ ಮಾಡಿಕೊಳ್ಳಲು ಸುತ್ತು ಹಾಕುತ್ತಿದ್ದಾಳೆ. ಅಷ್ಟರಲ್ಲಿ ಲೆವಿನ್ ಬೇರೆ ಕಡೆ ಕೈತೋರಿಸಿ ಕರೆಯುತ್ತಾನೆ. ಅಲ್ಲಿ ಬರೀ ನೀರು, ಹಕ್ಕಿ ಇರಲು ಸಾಧ್ಯವಿಲ್ಲ. ಶುರು ಮಾಡಿದ್ದನ್ನು ಮುಗಿಸುವುದು ಒಳ್ಳೆಯದಲ್ಲವೇ ಎಂಬಂತೆ ಅವಳು ನಿಂತು ನೋಡುತ್ತಾಳೆ. ಅವನು ಗದರುತ್ತಾನೆ. ಅವನ ಸಮಾಧಾನಕ್ಕೆ ಅಲ್ಲಿ ಹುಡುಕಿದಂತೆ ಮಾಡಿ, ತನ್ನ ಜಾಗಕ್ಕೆ ಮರಳುತ್ತಾಳೆ. ದೊಡ್ಡ ಆಫೀಸುಗಳಲ್ಲಿ ದುಡಿಯುವ ನಮ್ಮ ಓದುಗರಿಗೆ ಈ ಪುಟಕ್ಕೆ ಟಿಪ್ಪಣಿ ಬೇಕಿಲ್ಲ.

ಆಮೇಲೆ ಅವಳು ನಿಲ್ಲುತ್ತಾಳೆ. ಹಕ್ಕಿ ಐದು ಹೆಜ್ಜೆಯ ಒಳಗಿದೆ, ಕಣ್ಣಿಗೆ ಕಾಣುತ್ತಿಲ್ಲ, ಮೂಗಿಗೆ ಗೊತ್ತು. ಲೆವಿನ್‌ಗೆ ತಾಳ್ಮೆಯಿಲ್ಲ. ಹೋಗು ಎನ್ನುತ್ತಾನೆ. ಲಾಸ್ಕಾಳ ಆಕ್ಷೇಪವನ್ನು ಟಾಲ್‌ಸ್ಟಾಯ್ ಲೆಕ್ಕದಷ್ಟು ನಿಖರವಾಗಿ ಕೊಡುತ್ತಾನೆ: ಇಲ್ಲಿಂದ ನನಗೆ ಅವು ಎಲ್ಲಿವೆಯೆಂದು ತಿಳಿಯುತ್ತಿದೆ, ಒಂದು ಹೆಜ್ಜೆ ಮುಂದಿಟ್ಟರೆ ಏನೂ ತಿಳಿಯುವುದಿಲ್ಲ. ಲೆವಿನ್ ಮೊಣಕಾಲಿನಿಂದ ಮೆಲ್ಲಗೆ ನೂಕುತ್ತಾನೆ, ಮುದ್ದಿನ ಹೆಸರು ಹಿಡಿದು ಕರೆಯುತ್ತಾನೆ. ಆಗಲಿ, ಆದರೆ ಇನ್ನು ಮುಂದಿನದಕ್ಕೆ ನಾನು ಹೊಣೆಯಲ್ಲ ಎಂದುಕೊಂಡು ಅವಳು ನುಗ್ಗುತ್ತಾಳೆ. ಅಚ್ಚಿನ ಪ್ರಬಂಧಕಾರನಾಗಿದ್ದರೆ ಇಲ್ಲಿ ಗುರಿ ತಪ್ಪಿಸಿ ಲೆವಿನ್‌ಗೆ ಬುದ್ಧಿ ಕಲಿಸುತ್ತಿದ್ದ. ಟಾಲ್‌ಸ್ಟಾಯ್ ಕಲಿಸುವುದಿಲ್ಲ. ಹಕ್ಕಿ ಏಳುತ್ತದೆ, ಲೆವಿನ್ ಹೊಡೆಯುತ್ತಾನೆ, ಹಕ್ಕಿ ಬೀಳುತ್ತದೆ, ಬೆನ್ನಿಗೇ ಇನ್ನೊಂದು. ಅವನಿಗೆ ಖುಷಿಯೋ ಖುಷಿ. ನೂಕಿದ ಮೊಣಕಾಲು ಅವನ ನೆನಪಿನಲ್ಲಿ ಇರುವುದೇ ಇಲ್ಲ.